ಗರಡಿಮನೆಗಳು ಏಕೆ ಬರಿದಾದವು?



ನಮ್ಮ ಭಾಗದ ಹಳೆಯ ಶಾಲೆಗಳ ಬಗ್ಗೆ ಬರೆದಾಗ ನಿಮ್ಮಲ್ಲಿ ಕೆಲವರು, "ಗುರುಗಳೇ, ಗರಡಿಮನೆಯ ಬಗ್ಗೆಯೂ ಬರೆಯಿರಿ" ಎಂದು ಕೇಳಿದ್ದಿರಿ. ಇಂದು ಆ ಮಾತನ್ನು ನಡೆಸಿಕೊಡುತ್ತಿದ್ದೇನೆ. ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದರೆ ಪೀರನವಾಡಿ ದಾಟಿದೊಡನೆ ನಮ್ಮ ಮಚ್ಛೆ ಬರುತ್ತದೆ. ಈ ದಾರಿಯ ಎಡಬಲದ ಹಳ್ಳಿಗಳಲ್ಲಿ ನಾನು ಬಾಲಕನಾಗಿದ್ದಾಗ ಹನುಮಪ್ಪನ ಗುಡಿ ಎಷ್ಟು ಸಹಜವೋ ಗರಡಿಮನೆಯೂ ಅಷ್ಟೇ ಸಹಜವಾಗಿತ್ತು. ಈಗ ಕೆಲವೆಡೆ ಗೋಡೆಗಳು ಮಾತ್ರ ಉಳಿದಿವೆ. ಕೆಲವೆಡೆ ಅದೇ ಜಾಗದಲ್ಲಿ ಸಮುದಾಯ ಭವನ ಎದ್ದಿದೆ. ಇನ್ನು ಕೆಲವೆಡೆ ಬೀಗ ಹಾಕಿದ ಬಾಗಿಲ ಮೇಲೆ ಬಜರಂಗಬಲಿಯ ಚಿತ್ರ ಮಾಸುತ್ತಿದೆ.

"ಕಾಲ ಬದಲಾಯಿತು, ಟಿ.ವಿ. ಬಂತು, ಮೊಬೈಲ್ ಬಂತು, ಕುಸ್ತಿ ಹೋಯಿತು" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಈ ಉತ್ತರ ನನಗೆ ಒಪ್ಪಿಗೆಯಾಗದು. ಏಕೆಂದರೆ ಬೆಳಗಾವಿಯ ಆನಂದವಾಡಿಯ ಅಖಾಡದಲ್ಲಿ ದೊಡ್ಡ ಕುಸ್ತಿ ಏರ್ಪಟ್ಟರೆ ಇಂದಿಗೂ ಕಾಲಿಡಲು ಸ್ಥಳವಿರುವುದಿಲ್ಲ. ಜಾತ್ರೆಯ ಕುಸ್ತಿಗಳಿಗೆ ಸುತ್ತಲಿನ ಊರುಗಳಿಂದ ಜನ ಬಂದೇ ಬರುತ್ತಾರೆ. ಬಹುಮಾನದ ಹಣವೂ ಹಿಂದಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿದೆ. ನೋಡುವವರು ಇದ್ದಾರೆ, ಕೊಡುವವರು ಇದ್ದಾರೆ, ಆಡುವವರು ಮಾತ್ರ ಇಲ್ಲ. ಹೀಗೇಕಾಯಿತು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಸ್ವಲ್ಪ ವಿಚಾರ ಮಾಡೋಣ.

ಬೆಂಗಳೂರು, ಪುಣೆ, ಅಮೆರಿಕಗಳಲ್ಲಿ ಬೆಳೆದ ನಮ್ಮ ಮಕ್ಕಳಿಗಾಗಿ ಮೊದಲು ಗರಡಿಮನೆಯ ಸ್ವರೂಪವನ್ನು ಹೇಳಬೇಕು. ತಗ್ಗು ಬಾಗಿಲಿನ, ದಪ್ಪ ಗೋಡೆಯ, ಒಂದೆರಡು ಕಿಂಡಿಗಳಷ್ಟೇ ಇರುವ ಮನೆ. ಒಳಗೆ ನೆಲವನ್ನು ಅಗೆದು ಕೆಮ್ಮಣ್ಣು ತುಂಬಿರುತ್ತಾರೆ. ಆ ಮಣ್ಣನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ನಿಂಬೆಹಣ್ಣಿನ ರಸ, ಅರಿಸಿನ ಬೆರೆಸಿ ಹದಗೊಳಿಸುತ್ತಾರೆ. ಮೂಲೆಯಲ್ಲಿ ಹನುಮಂತನ ಮೂರ್ತಿ ಅಥವಾ ಪಟ. ಗೋಡೆಗೆ ಒರಗಿಸಿದ ಗದೆ, ಕಲ್ಲಿನ ಗುಂಡು. ಬೆಳಗಿನ ಜಾವ ನಾಲ್ಕಕ್ಕೆ ಎದ್ದ ಹುಡುಗರು ಲಂಗೋಟಿ ಬಿಗಿದು ದಂಡ, ಬಸಿಕೆ ಹೊಡೆದು, ಬಳಿಕ ಮಣ್ಣಿಗೆ ಇಳಿದು ಜೋಡಿಯಾಗಿ ಹಿಡಿಯುತ್ತಿದ್ದರು. ಇದಕ್ಕೆ ನಮ್ಮ ಕಡೆ 'ತಾಲೀಮು' ಎನ್ನುತ್ತಾರೆ, ಕಲಿಸುವವನು ವಸ್ತಾದ. ತಾಲೀಮು, ವಸ್ತಾದ, ಪೈಲವಾನ ಎಂಬ ಮಾತುಗಳು ಅರಬ್ಬಿ, ಫಾರಸಿಗಳಿಂದ ಬಂದವು. ಗರಡಿ, ಪಟ್ಟು ನಮ್ಮವು. ಮಚ್ಛೆಯ ಕಡೆ ಕನ್ನಡ, ಮರಾಠಿ ಎರಡೂ ಮನೆಮಾತುಗಳು. ಗರಡಿಯೊಳಗೆ ಎರಡೂ ಭಾಷೆಯ ಹುಡುಗರು, ಎಲ್ಲ ಓಣಿಯ ಹುಡುಗರು ಒಂದೇ ಮಣ್ಣು ಮೈಗೆ ಹಚ್ಚಿಕೊಳ್ಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ವಿದ್ಯೆಗೆ ನಮ್ಮ ನಾಡಿನಲ್ಲಿ ದೀರ್ಘ ಇತಿಹಾಸವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126-1138) ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸುವುದು, ಅವರಿಗೆ ಅರಸನೇ ಆಹಾರ ಕೊಟ್ಟು ಸಾಕುವುದು, ಭಾರ ಎತ್ತುವುದು, ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು ಮುಂತಾದ ವ್ಯಾಯಾಮಗಳು ಎಲ್ಲವೂ ಅಲ್ಲಿ ಬರುತ್ತವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಕುಸ್ತಿಗಳನ್ನು ವರ್ಣಿಸಿರುವುದಲ್ಲದೆ, ಕೃಷ್ಣದೇವರಾಯನು ಸೂರ್ಯೋದಯಕ್ಕೆ ಮೊದಲೇ ಎದ್ದು, ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ತನ್ನ ಮಲ್ಲನೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದಿದ್ದಾನೆ. ಅರಸನಿಗೂ ದಿನ ಬೆಳಗಾದರೆ ಒಬ್ಬ ಜೋಡಿ ಬೇಕಾಗಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಬರುತ್ತದೆ.

ನಮ್ಮ ಸೀಮೆಗೆ ಹತ್ತಿರದ ಕಾಲಕ್ಕೆ ಬಂದರೆ ಕೊಲ್ಲಾಪುರದ ಶಾಹೂ ಮಹಾರಾಜರನ್ನು (ಆಳ್ವಿಕೆ 1894-1922) ಸ್ಮರಿಸಲೇಬೇಕು. ಅವರು ಪೈಲವಾನರಿಗೆ ಆಶ್ರಯ ಕೊಟ್ಟರು, ತಾಲೀಮುಗಳನ್ನು ಪೋಷಿಸಿದರು, 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. ಬೆಳಗಾವಿಯಿಂದ ಕೊಲ್ಲಾಪುರ ನೂರು ಚಿಲ್ಲರೆ ಕಿಲೋಮೀಟರ್. ಆ ಊರು ನಮ್ಮ ಕಡೆಯ ಹುಡುಗರಿಗೆ ಕುಸ್ತಿಯ ಕಾಶಿಯಾಯಿತು. ಹಳ್ಳಿಯ ಗರಡಿಯಲ್ಲಿ ಅಕ್ಷರಾಭ್ಯಾಸ, ಬೆಳಗಾವಿಯಲ್ಲಿ ಮಾಧ್ಯಮಿಕ, ಕೊಲ್ಲಾಪುರದಲ್ಲಿ ಕಾಲೇಜು ಎಂಬಂತೆ ಒಂದು ಏಣಿ ತಾನಾಗಿಯೇ ಏರ್ಪಟ್ಟಿತ್ತು.

ಈ ಏಣಿಯನ್ನು ತುದಿಯವರೆಗೂ ಹತ್ತಿದವರು ನಮ್ಮ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು. ಅವರು 1959ರಲ್ಲಿ 'ಹಿಂದ್ ಕೇಸರಿ' ಆದರು. ನಾನಾಗ ಏಳನೆಯ ಇಯತ್ತೆಯ ಹುಡುಗ. ಆ ಸುದ್ದಿ ಬಂದ ಮೇಲೆ ನಮ್ಮ ಓಣಿಯ ಹುಡುಗರೆಲ್ಲ ತಿಂಗಳುಗಟ್ಟಲೆ ಎದೆಯುಬ್ಬಿಸಿಕೊಂಡೇ ನಡೆದೆವು. ಖಂಚನಾಳೆಯವರು ಕೊಲ್ಲಾಪುರದಲ್ಲಿಯೇ ನೆಲೆಸಿ 2020ರ ಡಿಸೆಂಬರಿನಲ್ಲಿ ತೀರಿಕೊಂಡರು.

ಅರಸರ ಆಶ್ರಯದ ಮಾತಾಯಿತು. ಹಳ್ಳಿಯ ಗರಡಿಗೆ ಯಾರ ಆಶ್ರಯವಿತ್ತು? ಊರಿನ ಸುಗ್ಗಿಯೇ ಅದರ ಖಜಾನೆ. ಗೌಡರ ಮನೆಯಿಂದ ಒಂದಿಷ್ಟು ಕಾಳು, ಎಮ್ಮೆ ಕಟ್ಟಿದವರಿಂದ ಹಾಲು, ಗಾಣಿಗರಿಂದ ಎಣ್ಣೆ. ಜಾತ್ರೆಯ ಕುಸ್ತಿ ಮಧ್ಯಾಹ್ನ ಆರಂಭವಾದಾಗ ಮೊದಲು ಇಳಿಯುವವರು ಎಂಟು ಹತ್ತು ವರ್ಷದ ಹುಡುಗರು. ಗೆದ್ದವನಿಗೆ ಒಂದು ತೆಂಗಿನಕಾಯಿ. ಬಳಿಕ ಎಂಟಾಣೆಯ ಕುಸ್ತಿ, ಒಂದು ರೂಪಾಯಿಯ ಕುಸ್ತಿ, ಐದು ರೂಪಾಯಿಯ ಕುಸ್ತಿ. ಹೊತ್ತು ಮುಳುಗುವ ವೇಳೆಗೆ ಬೆಳ್ಳಿ ಕಡಗದ ನಿಕಾಲಿ ಕುಸ್ತಿ. ಕಡಗ ಗೆಲ್ಲುವವನು ಒಬ್ಬನೇ. ಆದರೆ ಅವನಿಗಿಂತ ಮೊದಲು ಐವತ್ತು ಅರವತ್ತು ಜೋಡಿಗಳು ಆ ಮಣ್ಣಿನಲ್ಲಿ ಹೊರಳಾಡಿ ಎದ್ದಿರುತ್ತಿದ್ದವು. ಸೋತ ಹುಡುಗನ ಬೆನ್ನಿಗೂ ಊರ ಹಿರಿಯರು ಮಣ್ಣು ಒರೆಸಿ, ಕೈಗೆ ನಾಲ್ಕಾಣೆ ಇಡುತ್ತಿದ್ದರು.

ಈ ವ್ಯವಸ್ಥೆ ಒಂದೇ ದಿನಕ್ಕೆ ಮುರಿಯಲಿಲ್ಲ. 1948ರಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗಲಿ ಮೊದಲಾದ ಸಂಸ್ಥಾನಗಳು, 1949ರಲ್ಲಿ ಕೊಲ್ಲಾಪುರ, ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ದರಬಾರಿನ ಪೈಲವಾನರಿಗೆ ಆಧಾರ ತಪ್ಪಿತು. 1974ರ ಭೂಸುಧಾರಣೆಯಿಂದ ಉಳುವವನಿಗೆ ಭೂಮಿ ಬಂತು. ಅದು ನ್ಯಾಯವಾದದ್ದೇ, ಬರಲೇಬೇಕಾದದ್ದೇ. ಆದರೆ ವಾಡೆಯ ಕಣಜದಿಂದ ಗರಡಿಗೆ ಹೋಗುತ್ತಿದ್ದ ಕಾಳು ಅದರೊಂದಿಗೆ ನಿಂತಿತು. ಹೊಸದಾಗಿ ಭೂಮಿ ಪಡೆದ ಸಣ್ಣ ರೈತನಿಗೆ ಕೊಡುವಷ್ಟು ಉಳಿಯುತ್ತಿರಲಿಲ್ಲ. ಹಾಲಿನ ಡೇರಿಗಳು ಬಂದ ಮೇಲೆ ಹಾಲಿಗೆ ದಿನವೂ ರೊಕ್ಕ ಸಿಗತೊಡಗಿತು. ಮಗನ ಹೊಟ್ಟೆಗೆ ಹೋಗುತ್ತಿದ್ದ ಎರಡು ಸೇರು ಹಾಲು ಕ್ಯಾನಿಗೆ ಹೋಯಿತು. ತಾಯಂದಿರನ್ನು ದೂರುವ ಹಾಗಿಲ್ಲ. ಆ ಹಣದಿಂದಲೇ ಅದೇ ಮಗನ ಪುಸ್ತಕ, ಅಂಗಿ ಬಂದವು.

ಮಚ್ಛೆಯ ಮಟ್ಟಿಗೆ ಇನ್ನೊಂದು ಕಾರಣವೂ ಸೇರಿತು. ಉದ್ಯಮಬಾಗದ ಬೆನ್ನಿಗೆ ನಮ್ಮಲ್ಲಿಯೂ ಕೈಗಾರಿಕಾ ಪ್ರದೇಶ ಬಂದಿತು. ಹುಡುಗರು ಫೌಂಡ್ರಿ, ಮಶೀನ್ ಶಾಪುಗಳಿಗೆ ಸೇರಿದರು. ಮನೆಗಳಲ್ಲಿ ಒಲೆ ಚೆನ್ನಾಗಿ ಉರಿಯತೊಡಗಿತು. ಇದು ಸಂತೋಷದ ಸಂಗತಿ. ಆದರೆ ಕಾರಖಾನೆಯಲ್ಲಿ ಮೂರು ಪಾಳಿ. ಈ ವಾರ ಹಗಲು, ಮುಂದಿನ ವಾರ ರಾತ್ರಿ. ಗರಡಿಗೆ ಇರುವುದು ಒಂದೇ ಪಾಳಿ, ಬೆಳಗಿನ ಜಾವದ್ದು. ರಾತ್ರಿಪಾಳಿ ಮುಗಿಸಿ ಬಂದವನು ದಂಡ ಹೊಡೆಯಲಾರ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ನಮ್ಮ ಮಗ್ಗುಲಲ್ಲಿಯೇ 'ಜ್ಞಾನಸಂಗಮ' ತಲೆಯೆತ್ತಿದ ಮೇಲೆ, "ನಮ್ಮ ಹುಡುಗನೂ ಇಂಜಿನಿಯರ್ ಆಗಲಿ" ಎಂಬ ಆಸೆ ಪ್ರತಿ ಮನೆಯಲ್ಲೂ ಮೊಳೆಯಿತು. ಬೆಳಗಿನ ಜಾವ ಟ್ಯೂಷನ್ನಿನ ಪಾಲಾಯಿತು.

ನಾಲ್ಕನೆಯದು ಮ್ಯಾಟು. ಅಂತರರಾಷ್ಟ್ರೀಯ ಕುಸ್ತಿ ಮಣ್ಣನ್ನು ಬಿಟ್ಟು ಮ್ಯಾಟಿನ ಮೇಲೆ ನಡೆಯುತ್ತದೆ. ತೂಕದ ವರ್ಗಗಳಿವೆ, ಗಡಿಯಾರವಿದೆ, ಅಂಕಗಳಿವೆ. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದು ಮ್ಯಾಟಿನ ಮೇಲೆಯೇ. ಅದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಮ್ಯಾಟು ಬೇಡವೆನ್ನಲು ಆಗುವುದಿಲ್ಲ. ಆದರೆ ಮಣ್ಣು ಪುಕ್ಕಟೆ ಸಿಗುತ್ತದೆ. ಮ್ಯಾಟನ್ನು ಯಾವ ಹಳ್ಳಿಯ ಗರಡಿ ಕೊಂಡೀತು? ಹೀಗಾಗಿ ಸ್ವಲ್ಪ ಚುರುಕಾದ ಹುಡುಗರು ಕ್ರೀಡಾ ವಸತಿನಿಲಯಗಳಿಗೆ ಹೋದರು. ಅಲ್ಲಿಂದ ಒಳ್ಳೆಯ ಫಲವೂ ಬಂದಿದೆ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಗ್ರೀಕೊ-ರೋಮನ್ ಕುಸ್ತಿಯ 55 ಕಿಲೋ ವಿಭಾಗದಲ್ಲಿ ಕಂಚು ಗೆದ್ದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಮಣ್ಣಿನ ಗುಣ ಕೆಟ್ಟಿಲ್ಲ, ಬೀಜದ ಗುಣವೂ ಕೆಟ್ಟಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇಷ್ಟೆಲ್ಲ ಕಾರಣಗಳನ್ನು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕೆಲವು ಹುಡುಗರು ಕಾರಖಾನೆಗೆ, ಕೆಲವರು ಟ್ಯೂಷನ್ನಿಗೆ, ಕೆಲವರು ವಸತಿನಿಲಯಕ್ಕೆ ಹೋದರು, ಸರಿ. ಉಳಿದವರಿಂದ ಗರಡಿ ಅರ್ಧವಾದರೂ ನಡೆಯಬೇಕಿತ್ತಲ್ಲ? ಪೂರ್ತಿ ಮುಚ್ಚಿದ್ದೇಕೆ?

ಇದಕ್ಕೆ ಉತ್ತರ ಹೇಳಿದವರು ಒಬ್ಬ ಹಳೆಯ ವಸ್ತಾದರು. ನಾನು ನಿವೃತ್ತನಾಗುವ ಕೆಲವು ವರ್ಷಗಳ ಹಿಂದೆ ಅವರು ಶಾಲೆಗೆ ಬಂದು, ಆರು ಏಳನೆಯ ಇಯತ್ತೆಯ ಹುಡುಗರನ್ನು ಗರಡಿಗೆ ಕಳುಹಿಸಬೇಕೆಂದು ಕೇಳಿದರು. ನಾನು ಆಟದಲ್ಲಿ ಮುಂದಿದ್ದ ಇಬ್ಬರ ಹೆಸರು ಹೇಳಿದೆ. ಅವರು ನಕ್ಕು ಹೇಳಿದರು: "ಮಾಸ್ತರ, ಗೆಲ್ಲಾವ್ರು ನನ್ನ ಹಂತ್ಯಾಕ ಇಬ್ಬರು ಅದಾರ. ನನಗ ಬೀಳಾವ್ರು ಬೇಕಾಗ್ಯಾರ. ದಿನಾ ಬಿದ್ದು ಮತ್ತ ಮರದಿನ ಬರಾವ್ರು ಬೇಕಾಗ್ಯಾರ."

ಆ ಮಾತಿನಲ್ಲಿ ಎಷ್ಟು ಅರ್ಥವಿದೆಯೆಂಬುದು ಮನೆಗೆ ಬಂದು ಲೆಕ್ಕ ಹಾಕಿದಾಗ ನನಗೆ ಹೊಳೆಯಿತು. ಒಂದು ಗರಡಿಯಲ್ಲಿ ಮೂವತ್ತು ಹುಡುಗರಿದ್ದಾರೆ ಎಂದುಕೊಳ್ಳಿ. ವಯಸ್ಸು, ತೂಕ ನೋಡಿ ವಿಂಗಡಿಸಿದರೆ ಪ್ರತಿಯೊಬ್ಬನಿಗೂ ಹಿಡಿಯಲು ನಾಲ್ಕೈದು ಜನ ಸಿಗುತ್ತಾರೆ. ಒಬ್ಬ ಎತ್ತರ, ಒಬ್ಬ ಗಿಡ್ಡ, ಒಬ್ಬನದು ಕಾಲಿನ ಪಟ್ಟು, ಇನ್ನೊಬ್ಬನದು ಕೈಬಲ. ಅವರೆಲ್ಲರೊಡನೆ ಹಿಡಿದು ಹುಡುಗ ಕಲಿಯುತ್ತಾನೆ. ಮೂವತ್ತು ಹೋಗಿ ಹತ್ತಾದರೆ ಒಬ್ಬನಿಗೆ ಒಂದೇ ಜೋಡಿ ಸಿಕ್ಕೀತು, ಕೆಲವರಿಗೆ ಅದೂ ಇಲ್ಲ. ದಿನವೂ ಒಬ್ಬನೊಡನೆಯೇ ಹಿಡಿದರೆ ಅವನ ಪಟ್ಟುಗಳೆಲ್ಲ ಬಾಯಿಪಾಠವಾಗಿ ಕಲಿಕೆ ನಿಲ್ಲುತ್ತದೆ. ಆಗ ಜಾಣ ಹುಡುಗ ಬೇರೆ ಕಡೆಗೆ ಹೋಗುತ್ತಾನೆ. ಅವನು ಹೋದರೆ ಅವನ ಜೋಡಿಗೆ ಕೆಲಸವಿಲ್ಲ, ಅವನೂ ಬಿಡುತ್ತಾನೆ. ಕೆರೆಯ ನೀರು ಇಳಿದಂತೆ ಗರಡಿಯ ಸಂಖ್ಯೆ ಮೆಲ್ಲಗೆ ಇಳಿಯುವುದಿಲ್ಲ. ಒಂದು ಮಟ್ಟದವರೆಗೆ ಬಂದು, ಅಲ್ಲಿಂದ ಕಟ್ಟೆಯೊಡೆದಂತೆ ಒಮ್ಮೆಲೇ ಬರಿದಾಗುತ್ತದೆ. ಕೃಷ್ಣದೇವರಾಯನಿಗೂ ಪ್ರತಿದಿನ ಜೋಡಿಯೊಬ್ಬ ಬೇಕಾಗಿತ್ತೆಂದು ಮೇಲೆ ಹೇಳಿದೆನಲ್ಲ, ಅರಸನಾದವನು ಅನ್ನ ಹಾಕಿ ಜೋಡಿಯನ್ನು ಇರಿಸಿಕೊಳ್ಳಬಲ್ಲ. ಹಳ್ಳಿಯ ಹುಡುಗನಿಗೆ ಜೋಡಿ ಊರಿನಿಂದಲೇ ಹುಟ್ಟಿಬರಬೇಕು.

ಈ ನಿಯಮ ನಮ್ಮ ಗರಡಿಗಷ್ಟೇ ಸಂಬಂಧಿಸಿದ್ದೆಂದು ನಾನು ಭಾವಿಸಿದ್ದೆ. ಅಮೆರಿಕದಲ್ಲಿರುವ ನನ್ನ ಮೊಮ್ಮಗ ಫೋನಿನಲ್ಲಿ ತನ್ನ ಕಂಪ್ಯೂಟರ್ ಆಟದ ವಿಷಯ ಹೇಳಿದಾಗ ನನಗೆ ಆಶ್ಚರ್ಯವಾಯಿತು. 2004ರ ನವೆಂಬರಿನಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟವಂತೆ. ಲಕ್ಷಾಂತರ ಜನ ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಒಂದೇ ಕಾಲ್ಪನಿಕ ಲೋಕದಲ್ಲಿ ಆಡುತ್ತಾರೆ. ಕೂಡಿ ಆಡುವವರ ಸಂಘಕ್ಕೆ 'ಗಿಲ್ಡ್' ಎಂದು ಹೆಸರು. ಮಧ್ಯಯುಗದ ಯುರೋಪಿನ ಕಸುಬುದಾರರ ಸಂಘಗಳ ಹೆಸರಿದು. ನಮ್ಮ ಶಾಸನಗಳ ಅಯ್ಯಾವೊಳೆ ಐನೂರ್ವರಂಥ ವರ್ತಕ ಶ್ರೇಣಿಗಳನ್ನು ನೆನಪಿಗೆ ತರುತ್ತದೆ. ಆ ಆಟದ ಮೊದಲ ದೊಡ್ಡ ಕಾಳಗಗಳಿಗೆ 40 ಜನ ಒಟ್ಟಿಗೆ ಬೇಕಾಗಿತ್ತು. 2007ರಲ್ಲಿ ಕಂಪನಿಯವರು ಹೊಸ ಕಾಳಗಗಳಿಗೆ ಆ ಸಂಖ್ಯೆಯನ್ನು 25ಕ್ಕೆ ಇಳಿಸಿದರು. 2010ರಲ್ಲಿ 1 ಕೋಟಿ 20 ಲಕ್ಷ ಚಂದಾದಾರರಿದ್ದ ಆಟಕ್ಕೆ 2015ರ ವೇಳೆಗೆ 55 ಲಕ್ಷ ಜನ ಉಳಿದರು; ಆ ಮೇಲೆ ಕಂಪನಿ ಸಂಖ್ಯೆ ಪ್ರಕಟಿಸುವುದನ್ನೇ ನಿಲ್ಲಿಸಿತು. 2019ರಲ್ಲಿ ಹಳೆಯ ರೂಪದ ಆಟವನ್ನೇ ಮತ್ತೆ ತೆರೆದಾಗ ನಲವತ್ತರ ಲೆಕ್ಕವೂ ಮರಳಿ ಬಂತು.

ನನ್ನ ಮೊಮ್ಮಗ ಅಂಥದೊಂದು ಗಿಲ್ಡಿನ ಮುಖಂಡನಾಗಿದ್ದ. "ಅಜ್ಜಾ, ನಲವತ್ತು ಮಂದಿ ಬೇಕು, ಇಪ್ಪತ್ತೆಂಟು ಮಂದಿ ಬರ್ತಾರ. ಒಂದು ತಾಸು ಕಾಯ್ತೀವಿ, ಆಮೇಲೆ ಬಂದವ್ರೂ ಎದ್ದು ಹೋಗ್ತಾರ" ಎಂದ. ಚೆನ್ನಾಗಿ ಆಡುವವರನ್ನು ದೊಡ್ಡ ಗಿಲ್ಡಿನವರು ಸೆಳೆಯುತ್ತಾರಂತೆ; ಸಾಧಾರಣ ಆಟಗಾರರು ಬೇಸತ್ತು ಬಿಡುತ್ತಾರಂತೆ. ಅವನು ಆಡುವುದಕ್ಕಿಂತ ಹೆಚ್ಚು ಹೊತ್ತು ಅಪರಿಚಿತರಿಗೆ "ನಮ್ಮಲ್ಲಿಗೆ ಬನ್ನಿ" ಎಂದು ಸಂದೇಶ ಕಳಿಸುವುದರಲ್ಲಿ ಕಳೆಯುತ್ತಿದ್ದ. ನನಗೆ ನಮ್ಮ ವಸ್ತಾದರು ಶಾಲೆಯ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು. ಮಣ್ಣೇ ಇಲ್ಲದ, ಮೈಯೇ ಸೋಕದ ಆಟದಲ್ಲಿಯೂ ಅದೇ ಕಷ್ಟ. ಆ ಕಂಪನಿಗೆ ಹಣದ ಕೊರತೆ ಇರಲಿಲ್ಲ, ಹೆಸರಿನ ಕೊರತೆ ಇರಲಿಲ್ಲ. ನಲವತ್ತನೆಯವನಾಗಿ ಬಂದು ನಿಲ್ಲುವ ಸಾಧಾರಣ ಆಟಗಾರನ ಕೊರತೆ ಮಾತ್ರ ಇತ್ತು.

ಜಪಾನಿನ ಸುಮೊ ಕುಸ್ತಿಯ ಕಥೆ ನಮ್ಮದಕ್ಕೆ ಇನ್ನೂ ಹತ್ತಿರದ್ದು. ಅಲ್ಲಿ ಮಲ್ಲರು 'ಹೆಯಾ' ಎಂಬ ಗರಡಿಗಳಲ್ಲಿ ವಾಸವಾಗಿದ್ದು ಗುರುವಿನ ಕೈಕೆಳಗೆ ಕಲಿಯುತ್ತಾರೆ. 1992ರಲ್ಲಿ ಒಂದೇ ವರ್ಷಕ್ಕೆ 200ಕ್ಕೂ ಹೆಚ್ಚು ಹುಡುಗರು ಹೊಸದಾಗಿ ಸೇರಿದ್ದರು. ಹದಿನೈದು ವರ್ಷ ಕಳೆದು, 2007ರ ಜುಲೈ ಪಂದ್ಯಾವಳಿಯ ಮುಂಚಿನ ಪರೀಕ್ಷೆಗೆ ಒಬ್ಬನೇ ಒಬ್ಬ ಹುಡುಗನೂ ಅರ್ಜಿ ಹಾಕಲಿಲ್ಲ. ಅತ್ಯುನ್ನತವಾದ 'ಯೊಕೊಜುನ' ಪದವಿ ಮಂಗೋಲಿಯದಿಂದ ಬಂದವರ ಪಾಲಾಯಿತು. 2003ರಿಂದ 2017ರವರೆಗೆ ಆ ಪದವಿಯಲ್ಲಿ ಜಪಾನಿನಲ್ಲಿ ಹುಟ್ಟಿದವನೊಬ್ಬನೂ ಇರಲಿಲ್ಲ. 2023ರಲ್ಲಿ ಹೊಸಬರಿಗಿದ್ದ ಎತ್ತರ, ತೂಕದ ನಿಯಮವನ್ನೇ ಸಡಿಲಿಸಬೇಕಾಯಿತು. ಅಷ್ಟು ಶ್ರೀಮಂತ ದೇಶದಲ್ಲಿ, ರಾಷ್ಟ್ರೀಯ ಆಟವೆಂಬ ಗೌರವವಿದ್ದೂ ಈ ಸ್ಥಿತಿ.

ನಮ್ಮ ಅಖಾಡಗಳಲ್ಲೂ ಈಗ ಅದೇ ದೃಶ್ಯ. ಕೊನೆಯ ದೊಡ್ಡ ಕುಸ್ತಿಗೆ ಪಂಜಾಬ, ಹರಿಯಾಣಗಳಿಂದ, ಒಮ್ಮೊಮ್ಮೆ ಇರಾನಿನಿಂದಲೂ ಮಲ್ಲರನ್ನು ಕರೆಸುತ್ತಾರೆ. ಅವರು ಬರಲಿ, ಸಂತೋಷ. ಕಲೆಗೆ ಗಡಿ ಬೇಡ. ಆದರೆ ಸಂಘಟಕರು ಕೂಡಿಸಿದ ಹಣದ ಬಹುಪಾಲು ಆ ಒಂದೆರಡು ಜೋಡಿಗಳಿಗೇ ಸಂದುಹೋಗುತ್ತದೆ. ತೆಂಗಿನಕಾಯಿಯ ಕುಸ್ತಿ, ಐದು ರೂಪಾಯಿಯ ಕುಸ್ತಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿವೆ. ಏಣಿಯ ಮೇಲಿನ ಮೆಟ್ಟಿಲಿಗೆ ಬಂಗಾರದ ತಗಡು ಹೊಡೆದು ಕೆಳಗಿನ ಮೆಟ್ಟಿಲುಗಳನ್ನು ಕಿತ್ತರೆ ಹತ್ತುವವರು ಯಾರು? ಒಂದು ಲಕ್ಷದ ಬಹುಮಾನ ಒಬ್ಬ ಹೊರಗಿನ ಮಲ್ಲನನ್ನು ಒಂದು ದಿನಕ್ಕೆ ತರಬಲ್ಲದು. ಅದೇ ಹಣ ಹತ್ತು ಹುಡುಗರಿಗೆ ತಿಂಗಳುಗಟ್ಟಲೆ ಹಾಲು ಕುಡಿಸಬಲ್ಲದು.

ಹಾಗಾದರೆ ಎಲ್ಲವೂ ಮುಗಿಯಿತೇ? ನಾನು ಹಾಗೆ ಭಾವಿಸುವುದಿಲ್ಲ. ಖಾನಾಪುರದ ನೆರೆಯ ಹಳಿಯಾಳದ ಕಡೆ ಹೆಣ್ಣುಮಕ್ಕಳು ಕುಸ್ತಿ ಕಲಿಯುತ್ತಿದ್ದಾರೆ. 2004ರಿಂದ ಒಲಿಂಪಿಕ್ಸಿನಲ್ಲಿ ಮಹಿಳೆಯರ ಕುಸ್ತಿ ಇದೆ. 2016ರಲ್ಲಿ ಹರಿಯಾಣದ ಸಾಕ್ಷಿ ಮಲಿಕ್ ಕಂಚು ತಂದರು. ಸಾವಿರ ವರ್ಷ ಗಂಡಸರಿಗಷ್ಟೇ ತೆರೆದಿದ್ದ ಬಾಗಿಲನ್ನು ಇನ್ನರ್ಧ ಊರಿಗೆ ತೆರೆದರೆ ಜೋಡಿಗಳ ಲೆಕ್ಕವೇ ಬದಲಾಗುತ್ತದೆ. ಎರಡನೆಯದಾಗಿ, ನಾಲ್ಕು ಹಳ್ಳಿಗಳಿಗೆ ನಾಲ್ಕು ಗರಡಿ ಎಂಬ ಹಟ ಬಿಡಬೇಕು. ಏಳೆಂಟು ಹುಡುಗರ ನಾಲ್ಕು ಗರಡಿಗಳಿಗಿಂತ ಮೂವತ್ತು ಹುಡುಗರ ಒಂದು ಗರಡಿ ಮೇಲು. ಊರಿನ ಅಭಿಮಾನಕ್ಕೆ ಇದು ಸ್ವಲ್ಪ ನೋವಾದೀತು, ಆದರೆ ಹುಡುಗರಿಗೆ ಜೋಡಿ ಸಿಗುತ್ತದೆ. ಮೂರನೆಯದಾಗಿ, ಬೆಳಗಿನ ಜಾವಕ್ಕೆ ಬರಲಾಗದವರಿಗೆ ಸಂಜೆಯ ತಾಲೀಮು ಇರಬೇಕು. ಪಾಳಿಯ ಕೆಲಸದವನಿಗೆ ಅವನ ಬಿಡುವಿನ ಹೊತ್ತಿನಲ್ಲಿ ಬಾಗಿಲು ತೆರೆದಿರಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಜಾತ್ರಾ ಕಮಿಟಿಗಳಲ್ಲಿ, ಪಂಚಾಯಿತಿಗಳಲ್ಲಿ, ಕಾರಖಾನೆಗಳ ಒಳ್ಳೆಯ ಹುದ್ದೆಗಳಲ್ಲಿ ಇದ್ದೀರಿ. ವರ್ಷಕ್ಕೊಮ್ಮೆ ಕುಸ್ತಿಗೆ ಪಟ್ಟಿ ಕೊಡುತ್ತೀರಿ ಎಂಬುದೂ ನನಗೆ ಗೊತ್ತು. ಮುಂದಿನ ಸಲ ಪಟ್ಟಿ ಕೊಡುವಾಗ ಒಂದು ಮಾತು ಹೇಳಿರಿ: "ನನ್ನ ಹಣ ಮೊದಲ ಇಪ್ಪತ್ತು ಜೋಡಿಗಳಿಗೆ ಹೋಗಲಿ, ಅದರಲ್ಲಿ ಅರ್ಧ ಸೋತವರಿಗೆ ಇರಲಿ." ಸೋತ ಹುಡುಗ ಮರುದಿನ ಮತ್ತೆ ಗರಡಿಗೆ ಬರುವಂತಾದರೆ ಗೆಲ್ಲುವವನು ತಾನಾಗಿಯೇ ಹುಟ್ಟುತ್ತಾನೆ. ನಲವತ್ತು ಮಕ್ಕಳ ತರಗತಿಯಲ್ಲಿ ಮೊದಲನೆಯವನ ಹೆಸರು ಮಾತ್ರ ಫಲಕದ ಮೇಲೆ ಬರುತ್ತದೆ. ಆದರೆ ಉಳಿದ ಮೂವತ್ತೊಂಬತ್ತು ಮಕ್ಕಳು ಬರದಿದ್ದರೆ ಶಾಲೆಯೇ ನಡೆಯುವುದಿಲ್ಲ. ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿದವನಿಗೆ ಇಷ್ಟಾದರೂ ಗೊತ್ತಿರಬೇಕಲ್ಲವೇ?

ನಿಮ್ಮ ನಿಮ್ಮ ಊರಿನ ಗರಡಿಮನೆ ಈಗ ಯಾವ ಸ್ಥಿತಿಯಲ್ಲಿದೆ, ಎಷ್ಟು ಹುಡುಗರು ಬರುತ್ತಾರೆ, ವಸ್ತಾದರು ಯಾರಿದ್ದಾರೆ ಎಂಬುದನ್ನು ದಯವಿಟ್ಟು ಬರೆದು ತಿಳಿಸಿರಿ. ಮುಚ್ಚಿದ್ದರೆ ಯಾವ ವರ್ಷ ಮುಚ್ಚಿತೆಂಬುದನ್ನೂ ಹಿರಿಯರಿಂದ ಕೇಳಿ ಬರೆಯಿರಿ. ಎಲ್ಲವನ್ನೂ ಕೂಡಿಸಿ ಒಂದು ಪಟ್ಟಿ ಮಾಡಿಡುವ ಆಸೆ ನನಗಿದೆ.